ಫೋನು, ಗೇಮು, ಸುದ್ದಿ: ನಮ್ಮೂರಿನವರು ನಗುವ ಹಾಗೆ ಒಂದು ಪುಟ ಬರೆಯುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ನಾವು ಹದಿನೈದು ಇಪ್ಪತ್ತು ಜನ ಸೇರುತ್ತೇವೆ. ಒಬ್ಬರು ಕವಿತೆ ಓದುತ್ತಾರೆ, ಒಬ್ಬರು ಹಳೆ ಕಾಲದ ಕಥೆ ಹೇಳುತ್ತಾರೆ, ನನ್ನ ಪಾಲಿಗೆ ಒಂದು ಪುಟದ ನಗೆಬರಹ. ಏಳೆಂಟು ವರ್ಷದಿಂದ ಬರೆದು ಓದುತ್ತಿದ್ದೇನೆ. ಜಾಸ್ತಿಯೂ ಫೋನು, ಆ್ಯಪು, ಮಕ್ಕಳ ಗೇಮು, ಆ ತಿಂಗಳ ಸುದ್ದಿ, ಇವುಗಳ ಮೇಲೆಯೇ. ಕಳೆದ ಸಲ ಕಾಲೇಜಿಗೆ ಹೋಗುವ ಮೂರು ಮಕ್ಕಳು ಬಂದು "ಅಣ್ಣಾ, ನಾವೂ ಬರೆಯಬೇಕು, ಹೇಗೆ ಶುರು ಮಾಡುವುದು ಹೇಳಿಕೊಡಿ" ಎಂದರು. ಅವರ ಹತ್ತಿರ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಒಂದು ಪುಟ, ಗಟ್ಟಿಯಾಗಿ ಓದಿದರೆ ನಾಲ್ಕು ನಿಮಿಷ, ಕೇಳುವವರಲ್ಲಿ ಹತ್ತು ವರ್ಷದ ಮಗುವೂ ಇರುತ್ತದೆ, ಎಂಬತ್ತರ ಅಜ್ಜಿಯೂ ಇರುತ್ತಾರೆ. ಇದು ನಮ್ಮ ಲೆಕ್ಕ.

ದೂತನನ್ನು ನೆನಪು ಮಾಡಿಕೊಳ್ಳಿ

ಯಕ್ಷಗಾನದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಅವನ ನಾಡಿನಲ್ಲಿ ಇದ್ದುಕೊಂಡು ನಗಿಸುವುದನ್ನು ಕಲಿಯಲು ಬೇರೆ ಕಡೆ ಹೋಗಬೇಕಾಗಿಲ್ಲ. ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿ ಕೂತರೆ ಸಾಕು. ನಮ್ಮ ಕಡೆಯ ಯಕ್ಷಗಾನದ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಜನ ಒಡ್ಡೋಲಗಕ್ಕೆ ಸುದ್ದಿ ತರುವ ದೂತನ ವೇಷ ಸಾಮಾನ್ಯವಾಗಿ ಹಾಸ್ಯಗಾರನದ್ದು. ಮಿಜಾರು ಅಣ್ಣಪ್ಪ, ವಿಟ್ಲ ಜೋಶಿಯವರಂಥ ಹಾಸ್ಯಗಾರರ ಮಾತುಗಳನ್ನು ನಮ್ಮ ಕಡೆ ಹಳಬರು ಈಗಲೂ ಹೇಳಿ ನಗುತ್ತಾರೆ.

ಆ ದೂತ ಏನು ಮಾಡುತ್ತಾನೆ ಗಮನಿಸಿ. ರಾಜ ಗ್ರಂಥದ ಕನ್ನಡದಲ್ಲಿ ಮಾತಾಡುತ್ತಾನೆ, ದೂತ ಮನೆಮಾತಿನಲ್ಲಿ. ರಾಜನಿಗೆ ಕಿರೀಟದ ಭಾರ, ದೂತನಿಗೆ ಹೊಟ್ಟೆಯ ಹಸಿವು. ಆದರೆ ಸುದ್ದಿ ಮಾತ್ರ ಸರಿಯಾಗಿಯೇ ಹೇಳುತ್ತಾನೆ. ಕೋಟೆಯ ಹೊರಗೆ ಬಂದವರು ಯಾರು, ಎಷ್ಟು ಜನ, ಎಲ್ಲಿ ನಿಂತಿದ್ದಾರೆ, ಅದರಲ್ಲಿ ತಪ್ಪಿದರೆ ಪ್ರಸಂಗ ಮುಂದೆ ಹೋಗುವುದಿಲ್ಲ. ನಗು ಬರುವುದು ಸುದ್ದಿಯನ್ನು ತಿರುಚಿದ್ದರಿಂದಲ್ಲ, ರಾಜನನ್ನು ಎದುರಿಗೆ ನಿಂತು ಕೇಳುವ ಸಣ್ಣ ಸಣ್ಣ ಪ್ರಶ್ನೆಗಳಿಂದ.

ಈಗ ರಾಜ ಯಾರು? ಫೋನು, ಆ್ಯಪು, ಅದನ್ನು ಮಾಡಿದ ಕಂಪನಿ, ಹೊಸ ನಿಯಮ ತರುವ ಸರ್ಕಾರ. ದೂತರು ನಾವು. ಹಾಗಾಗಿ ನಗುವಿನ ಮೊನೆ ಯಾವಾಗಲೂ ರಾಜನ ಕಡೆಗಿರಬೇಕು, ಪಕ್ಕದಲ್ಲಿ ನಿಂತ ಬಡಪಾಯಿಯ ಕಡೆಗಲ್ಲ. ನಾನು ಈ ಒಂದು ವಿಷಯದಲ್ಲಿ ಬಹಳ ಹಟ ಹಿಡಿಯುತ್ತೇನೆ, ಯಾಕೆಂದರೆ ಫೋನಿನ ಮೇಲೆ ಬರುವ ನಗೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಅಜ್ಜನಿಗೆ ವಾಟ್ಸ್ಆ್ಯಪ್ ಗೊತ್ತಿಲ್ಲ, ಅಜ್ಜಿಗೆ ಒಟಿಪಿ ಗೊತ್ತಿಲ್ಲ" ಎಂಬ ಒಂದೇ ರಾಗ. ಅದನ್ನು ಆ ಅಜ್ಜನ ಮುಂದೆ ಓದಿ ನೋಡಿ. ಅವರೂ ನಗುತ್ತಾರೆ, ಆದರೆ ತಲೆ ತಗ್ಗಿಸಿ ನಗುತ್ತಾರೆ. ಮರುತಿಂಗಳು ಬರುವುದಿಲ್ಲ.

ಅದೇ ವಿಷಯವನ್ನು ತಿರುಗಿಸಿ ಹಿಡಿಯಿರಿ. ಒಟಿಪಿ ಬರುತ್ತದೆ, ಅಜ್ಜ ಕನ್ನಡಕ ಹುಡುಕುತ್ತಾರೆ. ಕನ್ನಡಕ ದೇವರಕೋಣೆಯಲ್ಲಿ ಪಂಚಾಂಗದ ಮೇಲೆ ಸಿಗುವಷ್ಟರಲ್ಲಿ ಒಟಿಪಿಯ ಆಯುಸ್ಸು ಮುಗಿದಿರುತ್ತದೆ. ಮತ್ತೊಂದು ಬರುತ್ತದೆ. ಆಗ ಅಜ್ಜ ಫೋನಿನ ಹತ್ತಿರ ಕೇಳುತ್ತಾರೆ: "ನನ್ನ ಹೆಸರು ನಿನಗೆ ಗೊತ್ತುಂಟು, ಮನೆ ಗೊತ್ತುಂಟು, ನಂಬರ್ ಗೊತ್ತುಂಟು, ಬೆರಳಿನ ಗೆರೆಯೂ ಗೊತ್ತುಂಟು. ಮತ್ತೆ ನಾನು ಯಾರು ಹೇಳಿ ನನ್ನ ಹತ್ತಿರವೇ ಕೇಳುವುದು ಎಂತಕ್ಕೆ?" ಇದು ದೂತನ ಪ್ರಶ್ನೆ. ಈಗ ಅಜ್ಜ ದೊಡ್ಡವರಾದರು. ಯಂತ್ರ ಉತ್ತರ ಕೊಡಬೇಕಾದ ಜಾಗಕ್ಕೆ ಬಂತು. ಇದನ್ನು ಓದಿದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವರು ಹಿಂದಿನ ಬೆಂಚಿನ ಅಜ್ಜಂದಿರು.

ನೋಡಿದ್ದನ್ನು ಬರೆಯಿರಿ, ಕಟ್ಟಬೇಡಿ

ವಿಷಯ ಹುಡುಕುವುದಕ್ಕೆ ಒಂದು ಸುಲಭ ದಾರಿ: ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಅಂಗಡಿ, ಬಸ್ಸು, ರೇಷನ್ ಅಂಗಡಿ, ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರ, ಎಲ್ಲೇ ಆಗಲಿ, ಮನುಷ್ಯ ಮತ್ತು ಯಂತ್ರದ ನಡುವೆ ಒಂದು ಸಣ್ಣ ಎಡವಟ್ಟು ಕಂಡರೆ ಅಲ್ಲೇ ಒಂದು ಸಾಲು ಬರೆದಿಡಿ. ಫೋನಿನಲ್ಲಿ ಬರೆದರೂ ಅಡ್ಡಿಯಿಲ್ಲ. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದರೆ ಆ ಮಾತಿನ ಸರಿಯಾದ ಶಬ್ದ ತಪ್ಪಿಹೋಗುತ್ತದೆ. ನಗು ಇರುವುದು ಆ ಶಬ್ದದಲ್ಲೇ.

ನಾನು ಬರೆದ ಒಂದು ಪುಟ ಹೇಗೆ ಬದಲಾಯಿತು ಎಂದು ತೋರಿಸುತ್ತೇನೆ. ಈಗ ಎಲ್ಲ ಅಂಗಡಿಯಲ್ಲೂ ಯುಪಿಐ ದುಡ್ಡು ಬಂದರೆ ಕೂಗಿ ಹೇಳುವ ಸಣ್ಣ ಪೆಟ್ಟಿಗೆ ಇದೆ ಅಲ್ವಾ, ಅದರ ಮೇಲೆ ಬರೆಯಲು ಹೊರಟೆ. ಮೊದಲು ಬರೆದದ್ದು ಹೀಗಿತ್ತು: ಒಂದು ದಿನ ಪೆಟ್ಟಿಗೆಗೆ ಸಿಟ್ಟು ಬಂದು ಗಿರಾಕಿಗಳಿಗೆ ಬೈಯಲು ಶುರು ಮಾಡಿತು, ಆಮೇಲೆ ಭಾಗವತಿಕೆ ಮಾಡಿತು, ಕೊನೆಗೆ ಎಲೆಕ್ಷನ್ನಿಗೆ ನಿಂತಿತು. ಬರೆಯುವಾಗ ನನಗೆ ನಗು ಬಂತು. ಓದಿದಾಗ ಯಾರೂ ನಗಲಿಲ್ಲ. ಪೆಟ್ಟಿಗೆ ಏನು ಬೇಕಾದರೂ ಮಾಡಬಹುದು ಎಂದಾದ ಮೇಲೆ ಅದು ಏನು ಮಾಡಿದರೂ ಆಶ್ಚರ್ಯ ಇಲ್ಲ. ಕಟ್ಟುಕಥೆಯ ತೊಂದರೆ ಅದು.

ಮರುದಿನ ಅಂಗಡಿಗೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತೆ. ಆ ಅಂಗಡಿಯವರ ಮನೆಮಾತು ತುಳು. ಗಿರಾಕಿಗಳ ಹತ್ತಿರ ಕನ್ನಡ, ಮಲಯಾಳ, ಬ್ಯಾರಿ, ಯಾರಿಗೆ ಯಾವುದು ಬೇಕೋ ಅದು. ಪೆಟ್ಟಿಗೆ ಮಾತ್ರ ಎಲ್ಲರಿಗೂ ಹಿಂದಿಯಲ್ಲೇ ಕೂಗುತ್ತಿತ್ತು. ಒಬ್ಬರು ಚಾ ಕುಡಿದು, ಫೋನ್ ತೋರಿಸಿ "ಕೊಟ್ಟಿದ್ದೇನೆ ಅಣ್ಣಾ" ಎಂದರು. ಅಂಗಡಿಯವರು ಮುಖ ನೋಡಲಿಲ್ಲ, ಪೆಟ್ಟಿಗೆಯ ಕಡೆ ಕಿವಿ ಕೊಟ್ಟರು. ಅದು ಸುಮ್ಮನಿತ್ತು. ಇಪ್ಪತ್ತು ವರ್ಷದಿಂದ ಬರುವ ಗಿರಾಕಿ, ಮಗಳ ಮದುವೆಗೆ ಕರೆದವರು, ಇಬ್ಬರೂ ಬಾಯಿ ಮುಚ್ಚಿಕೊಂಡು ಒಂದು ಪೆಟ್ಟಿಗೆ ಬಾಯಿ ಬಿಡುವುದನ್ನು ಕಾಯುತ್ತಿದ್ದಾರೆ. ಅದು "ಬಾರಹ್ ರುಪಯೇ" ಎಂದ ಮೇಲೆ ಇಬ್ಬರಿಗೂ ಉಸಿರು ಬಂತು, ಮಾತು ಮುಂದುವರಿಯಿತು.

ನಾನು ಎರಡನೇ ಸಲ ಇದನ್ನಷ್ಟೇ ಬರೆದೆ. ಜೊತೆಗೆ ಅಲ್ಲೇ ನಡೆದ ಇನ್ನೊಂದು. ಒಬ್ಬರು ಅಡಿಕೆಗೆ ತನಗೆ ಸಿಕ್ಕಿದ ರೇಟನ್ನು ಇಡೀ ಅಂಗಡಿಗೆ ಕೇಳುವ ಹಾಗೆ ಹೇಳುತ್ತಿದ್ದರು. "ಕ್ವಿಂಟಾಲಿಗೆ ಅಷ್ಟು, ಈ ಊರಲ್ಲಿ ಯಾರಿಗೂ ಸಿಕ್ಕಿಲ್ಲ" ಎನ್ನುವಾಗಲೇ ಅವರ ಚಹಾದ ದುಡ್ಡು ಹೋಗಿ ಬಿದ್ದು ಪೆಟ್ಟಿಗೆ ಕೂಗಿತು, "ಬಾರಹ್ ರುಪಯೇ." ಅಂಗಡಿಯಲ್ಲಿದ್ದ ಎಲ್ಲರೂ ಅದೇ ರೇಟು ಎಂದುಕೊಂಡ ಹಾಗೆ ಗಂಭೀರವಾಗಿ ತಲೆ ಆಡಿಸಿದರು. ಒಂದು ಶಬ್ದವನ್ನೂ ನಾನು ಸೇರಿಸಲಿಲ್ಲ. ವಾಚನಾಲಯದಲ್ಲಿ ಎರಡು ನಿಮಿಷ ನಗು ನಿಲ್ಲಲಿಲ್ಲ.

ಇದರಿಂದ ನಾನು ಮಾಡಿಕೊಂಡ ರೂಢಿ: ಸುಳ್ಳು ಒಂದನ್ನು ಸೇರಿಸಲೇಬೇಕು ಎಂದಾದರೆ ಇಡೀ ಪುಟಕ್ಕೆ ಒಂದೇ ಒಂದು, ಅದೂ ಕೊನೆಗೆ. ಉಳಿದದ್ದೆಲ್ಲ ಅಂಗಡಿಯ ಬೆಂಚಿನಷ್ಟು ಗಟ್ಟಿ ಇರಬೇಕು.

ಗೇಮಿನ ಬಗ್ಗೆ ಬರೆಯುವಾಗ

ಇಲ್ಲಿ ಕಷ್ಟ ಬೇರೆ. ಗೇಮ್ ಆಡುವವರಿಗೆ ಎಲ್ಲ ಗೊತ್ತು, ಆಡದವರಿಗೆ ಏನೂ ಗೊತ್ತಿಲ್ಲ, ಇಬ್ಬರೂ ಅಕ್ಕಪಕ್ಕ ಕೂತಿರುತ್ತಾರೆ. ಲ್ಯಾಗ್, ಪಿಂಗ್, ಬಾಸ್, ರೀಸ್ಪಾನ್ ಎಂದು ಬರೆದುಕೊಂಡು ಹೋದರೆ ಮಕ್ಕಳಿಗೆ ಮಾತ್ರ ಖುಷಿ. ಪ್ರತಿಯೊಂದಕ್ಕೂ ಅರ್ಥ ಬಿಡಿಸಿ ಹೇಳುತ್ತಾ ಹೋದರೆ ಪಾಠವಾಗುತ್ತದೆ. ನಾನು ಮಾಡುವುದು ಇಷ್ಟು: ಒಂದು ಪುಟಕ್ಕೆ ಗೇಮಿನ ಒಂದೇ ಒಂದು ನಿಯಮ ತೆಗೆದುಕೊಳ್ಳುವುದು, ಅದನ್ನು ಒಂದು ಸಾಲಿನಲ್ಲಿ ಹೇಳುವುದು, ಆಮೇಲೆ ಅದನ್ನು ಮನೆಯೊಳಗೆ ಬಿಡುವುದು.

ಉದಾಹರಣೆಗೆ, ಆನ್‌ಲೈನ್ ಗೇಮನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ಪಬ್‌ಜಿ ಥರದ ಆಟದಲ್ಲಿ ನೂರು ಜನ ಒಟ್ಟಿಗೆ ಇಳಿಯುತ್ತಾರೆ, ಒಬ್ಬ ಊಟಕ್ಕೆ ಹೋದ ಎಂದು ಉಳಿದವರು ಕಾಯುವುದಿಲ್ಲ. ಇದೊಂದು ನಿಯಮ ಸಾಕು. ಅಮ್ಮ ಒಳಗಿನಿಂದ ಕರೆಯುತ್ತಾರೆ, "ಊಟಕ್ಕೆ ಬಾ." ಮಗ ಹೇಳುತ್ತಾನೆ, "ಈಗ ಬರ್ಲಿಕ್ಕೆ ಆಗುದಿಲ್ಲಮ್ಮ, ಇಲ್ಲಿ ನೂರು ಜನ ಇದ್ದಾರೆ." ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ: "ನೂರು ಜನವಾ? ಮೊದಲೇ ಹೇಳುದಲ್ವಾ ಮಾರಾಯ, ಅಕ್ಕಿ ಹಾಕ್ತಿದ್ದೆ." ಇದು ಆಡಿದವರಿಗೂ ಆಡದವರಿಗೂ ಒಂದೇ ಕ್ಷಣಕ್ಕೆ ತಲುಪುತ್ತದೆ.

ಆ ಆಟದ ಕಥೆಯೇ ಒಂದು ಪುಟಕ್ಕಾಗುವಷ್ಟಿದೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅದೂ ಮಾಯವಾಯಿತು. 2023ರ ಮೇಯಲ್ಲಿ ಮತ್ತೆ ಬಂತು. ಈ ತಾರೀಕುಗಳನ್ನು ಹಾಗೆಯೇ ಸಾಲಾಗಿ ಓದಿ, ಆಮೇಲೆ ಅಮ್ಮನ ಬಾಯಲ್ಲಿ ಒಂದು ಮಾತು ಇಡಿ: "ಆಟದ ಒಳಗೆ ಸತ್ತವರು ಎದ್ದು ಬರುದು ಗೊತ್ತಿತ್ತು, ಆಟವೇ ಸತ್ತು ಎದ್ದು ಬರುದು ಈಗ ನೋಡಿದ್ದು." ತಾರೀಕು ಸರಿ ಇದ್ದರೆ ಮಾತ್ರ ಈ ಮಾತಿಗೆ ಬಲ. ಒಂದು ವರ್ಷ ತಪ್ಪಾದರೂ ಕೇಳುವ ಹುಡುಗರು ತಿದ್ದಲು ಎದ್ದು ನಿಲ್ಲುತ್ತಾರೆ, ನಗು ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿ, ನಮ್ಮ ಕೆಲಸವನ್ನೇ ಗೇಮ್ ಮಾಡುವುದು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಬಂದಾಗ ನಮ್ಮ ಕಡೆಯ ಹುಡುಗರು ರಾತ್ರಿ ಎದ್ದು ಅದರಲ್ಲಿ ಬೆಳೆ ಕೊಯ್ಯುತ್ತಿದ್ದರು, ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಅಲ್ಲಿ ಬೆಳೆ ಒಣಗಿಹೋಗುತ್ತಿತ್ತು. ಮನೆಯ ಹಿಂದೆ ನಿಜವಾದ ಅಡಿಕೆ ತೋಟ ಇತ್ತು. ಈಗ ಅಡಿಕೆ ತೋಟವೇ ಗೇಮ್ ಆದರೆ? ಮೊದಲ ಲೆವೆಲ್ ಆಳು ಹುಡುಕುವುದು. ಎರಡನೆಯದು ಮಂಗ. ಮೂರನೆಯದು ಹಂದಿ, ಅದು ರಾತ್ರಿ ಮಾತ್ರ ಬರುತ್ತದೆ. ಮಳೆಗಾಲದಲ್ಲಿ ಬಾಸ್ ಬರುತ್ತಾನೆ, ಹೆಸರು ಕೊಳೆರೋಗ, ಅವನನ್ನು ಹೊಡೆಯಲು ಬೋರ್ಡೋ ಮದ್ದು ಬೇಕು, ಮದ್ದು ಬಿಡಲು ಬಿಸಿಲು ಬೇಕು, ಬಿಸಿಲು ಅಂಗಡಿಯಲ್ಲಿ ಸಿಗುವುದಿಲ್ಲ. ಇಲ್ಲಿ ಲೆವೆಲ್, ಬಾಸ್ ಎಂಬ ಎರಡು ಶಬ್ದ ಬಿಟ್ಟರೆ ಅಜ್ಜಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಆ ಎರಡೂ ಹೇಳಿಕೊಡದೆಯೇ ಅರ್ಥವಾಗುತ್ತವೆ.

ಒಂದು ಜಾಗದಲ್ಲಿ ನಾನು ಕಾಲಿಡುವುದಿಲ್ಲ. ರಮ್ಮಿಯ ಹಾಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಆ ಆಟಗಳ ಜಾಹೀರಾತಿನ ಮೇಲೆ ಬರೆಯಿರಿ, ಚೆನ್ನಾಗಿ ಬರೆಯಿರಿ. ಆದರೆ ಅದರಲ್ಲಿ ದುಡ್ಡು ಕಳೆದುಕೊಂಡವನ ಮೇಲೆ ಬೇಡ. ಅವನ ಮನೆಯವರು ನಿಮ್ಮ ಮುಂದಿನ ಬೆಂಚಿನಲ್ಲೇ ಕೂತಿರಬಹುದು.

ಸುದ್ದಿಯ ಮೇಲೆ ಬರೆಯುವಾಗ ಒಂದು ರಾತ್ರಿ ಕಾಯಿರಿ

ಸುದ್ದಿ ಬಂದ ಐದು ನಿಮಿಷಕ್ಕೆ ಬರೆದ ನಗೆ ಎಲ್ಲರಿಗೂ ಹೊಳೆದಿರುತ್ತದೆ, ಸುದ್ದಿಯೂ ಅರ್ಧವೇ ಇರುತ್ತದೆ. ರಾತ್ರಿ ಮಲಗಿ ಎದ್ದು, ಎರಡು ಪೇಪರ್ ಓದಿ, ಆಮೇಲೆ ಬರೆಯಿರಿ.

2024ರ ಜೂನ್ ಕೊನೆಯಲ್ಲಿ ನಮ್ಮ ಜಿಲ್ಲೆಯ ಪಳ್ಳಂಜಿಯಲ್ಲಿ ಇಬ್ಬರು ಯುವಕರು ಗೂಗಲ್ ಮ್ಯಾಪ್ ನೋಡಿಕೊಂಡು ಹೋಗುತ್ತಾ ತುಂಬಿ ಹರಿಯುವ ಹೊಳೆಗೆ ಕಾರು ಇಳಿಸಿದರು. ಕಾರು ಕೊಚ್ಚಿಹೋಯಿತು. ಅವರು ನೀರಿನ ನಡುವೆ ಒಂದು ಮರ ಹಿಡಿದು ನಿಂತರು, ಅಗ್ನಿಶಾಮಕ ದಳದವರು ಹಗ್ಗ ಹಾಕಿ ಇಬ್ಬರನ್ನೂ ಉಳಿಸಿದರು. ಮೊದಲ ದಿನ ಎಲ್ಲರ ಫೋನಿನಲ್ಲೂ ಹರಿದಾಡಿದ್ದು ಆ ಇಬ್ಬರನ್ನು ಮೂರ್ಖರು ಮಾಡಿದ ನಗೆಗಳೇ. ಆದರೆ ಕತ್ತಲೆಯಲ್ಲಿ, ಗೊತ್ತಿಲ್ಲದ ದಾರಿಯಲ್ಲಿ, ತಡೆಗೋಡೆ ಇಲ್ಲದ ಸೇತುವೆಯ ಮೇಲೆ ನೀರು ಎಷ್ಟಿದೆ ಎಂದು ಯಾರಿಗೆ ಗೊತ್ತಾಗುತ್ತದೆ? ರಾಜ ಇಲ್ಲಿ ಮ್ಯಾಪು. ಅದನ್ನು ಕೇಳಬೇಕಾದ ಪ್ರಶ್ನೆ: ನಿನಗೆ ಮಳೆಗಾಲ ಗೊತ್ತುಂಟಾ? ನಾನು ಬರೆದ ಸಾಲು ಇದು, "ಮ್ಯಾಪಿಗೆ ವರ್ಷವಿಡೀ ಬೇಸಿಗೆ." ಅಲ್ಲಿಂದ ಮುಂದೆ ಪುಟ ತಾನಾಗಿ ಬಂತು. ಹೊಳೆಯ ಹತ್ತಿರದ ಚಾ ಅಂಗಡಿಯವರು ನೀರಿನ ಬಣ್ಣ ನೋಡಿ ದಾಟಬಹುದೋ ಬೇಡವೋ ಹೇಳುತ್ತಾರೆ, ಮ್ಯಾಪ್ ಮಾತ್ರ ಎಲ್ಲ ನೀರಿಗೂ ಒಂದೇ ನೀಲಿ ಬಣ್ಣ ಹಾಕಿಟ್ಟಿದೆ.

ದೂರದ ಸುದ್ದಿಯನ್ನು ಮನೆಗೆ ತರುವುದೂ ಒಂದು ಕಲೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಲೋಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಇಷ್ಟು ಹೇಳಿದರೆ ಅದು ಪೇಪರಿನ ಸುದ್ದಿ. ಇದಕ್ಕೆ ನಮ್ಮೂರಿನ ಒಬ್ಬ ಮನುಷ್ಯ ಬೇಕು. ನಾನು ಸಹಕಾರಿ ಸಂಘದಲ್ಲಿ ಲೆಡ್ಜರ್ ಬರೆಯುತ್ತಿದ್ದ ಹಿರಿಯರೊಬ್ಬರನ್ನು ತಂದು ಕೂರಿಸಿದೆ. ಅವರು ಪೇಪರ್ ಮಡಚಿಟ್ಟು ಹೇಳುತ್ತಾರೆ: "ನನ್ನ ಪುಸ್ತಕಕ್ಕೆ ಅಪ್‌ಡೇಟ್ ಬಂದದ್ದು ಒಂದೇ ಸಲ, ಗೆದ್ದಲು ಹಿಡಿದಾಗ."

ಹತ್ತಿರದ ಸುದ್ದಿಗೆ ಅಷ್ಟೂ ಬೇಡ. ಮಂಗಳೂರು ಕಾಸರಗೋಡು ದಾರಿಯಲ್ಲಿ ಎರಡೂ ರಾಜ್ಯದ ಸರ್ಕಾರಿ ಬಸ್ಸು ಓಡುತ್ತದೆ, ಎರಡಕ್ಕೂ ಕೆಎಸ್‌ಆರ್‌ಟಿಸಿ ಎಂದೇ ಹೆಸರು. 2021ರಲ್ಲಿ ಈ ಹೆಸರು ಯಾರದ್ದು ಎಂಬ ಜಗಳ ದೊಡ್ಡ ಸುದ್ದಿಯಾಯಿತು, ಕೋರ್ಟಿಗೂ ಹೋಯಿತು. ತಿರುವನಂತಪುರದವರಿಗೂ ಬೆಂಗಳೂರಿನವರಿಗೂ ಅದು ಮಾನದ ಪ್ರಶ್ನೆ. ಕುಂಬಳೆಯ ಬಸ್‌ಸ್ಟಾಪಿನಲ್ಲಿ ಮಳೆಗೆ ನಿಂತವರಿಗೆ? "ಯಾವುದರಲ್ಲಿ ಬರ್ತಿ?" "ಕೆಎಸ್‌ಆರ್‌ಟಿಸಿಯಲ್ಲಿ." "ಯಾವ ಕೆಎಸ್‌ಆರ್‌ಟಿಸಿ?" "ಸೀಟು ಸಿಕ್ಕಿದ ಕೆಎಸ್‌ಆರ್‌ಟಿಸಿ." ಗಡಿಯಲ್ಲಿ ಇರುವವರಿಗೆ ಮಾತ್ರ ಹೊಳೆಯುವ ಮಾತು ಇದು. ಇಂಥದ್ದು ನಮ್ಮಲ್ಲಿ ಬೇಕಾದಷ್ಟು ಇದೆ, ಬೇರೆಯವರ ನಗೆಯನ್ನು ಎತ್ತಿ ತರುವ ಅಗತ್ಯವೇ ಇಲ್ಲ.

ಈಗ ಒಂದು ತಪ್ಪಿನ ವಿಷಯ ಹೇಳಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಹಾಕಿದರು. ಆಮೇಲೆ ಪಾಸು ಇದ್ದರೆ ಮಾತ್ರ ದಾಟಬಹುದು ಎಂದಾಯಿತು. ಆಗ ನಾನು ಸರ್ಕಾರದ ಸುತ್ತೋಲೆಯ ಹಾಗೆಯೇ ನಂಬರು, ತಾರೀಕು ಎಲ್ಲ ಹಾಕಿ ಒಂದು ನಗೆಬರಹ ಬರೆದು ಗೆಳೆಯರಿಗೆ ಕಳಿಸಿದೆ. ಗಡಿ ದಾಟುವ ಮೊಬೈಲ್ ಫೋನಿಗೂ ಬೇರೆ ಪಾಸು ಬೇಕು ಎಂದು. ಅದು ಕೈಯಿಂದ ಕೈಗೆ ಹೋಗಿ, ಮಂಗಳೂರಿನ ಆಸ್ಪತ್ರೆಗೆ ಹೋಗಲು ಪಾಸಿಗಾಗಿ ಒದ್ದಾಡುತ್ತಿದ್ದ ನಮ್ಮ ಪಕ್ಕದ ಮನೆಯ ಮಾವನಿಗೆ ತಲುಪಿತು. ಅವರು ನಂಬಿದರು. ಸಂಜೆ ನಮ್ಮ ಅಂಗಳಕ್ಕೆ ಬಂದು, "ಇದಕ್ಕೆ ಅರ್ಜಿ ಎಲ್ಲಿ ಕೊಡುದು ಮಗಾ?" ಎಂದು ನನ್ನ ಹತ್ತಿರವೇ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತಿನಿಂದ ಸುತ್ತೋಲೆ, ಪೇಪರಿನ ಕಟಿಂಗ್, ಟಿವಿಯ ಬ್ರೇಕಿಂಗ್ ನ್ಯೂಸ್, ಇವುಗಳ ರೂಪದಲ್ಲಿ ನಾನು ಒಂದು ಸಾಲೂ ಬರೆದಿಲ್ಲ. 2016ರ ನೋಟು ರದ್ದತಿಯ ಹೊತ್ತಿನಲ್ಲಿ 2,000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂಬ ಮಾತು ದೇಶವಿಡೀ ಓಡಾಡಿತ್ತು, ಟಿವಿಯಲ್ಲೂ ಬಂತು, ಓದಿದವರೂ ನಂಬಿದರು. ಜನ ಹೆದರಿದ ಹೊತ್ತಿನಲ್ಲಿ ನಗೆಗೂ ಸುದ್ದಿಗೂ ವ್ಯತ್ಯಾಸ ಕಾಣುವುದಿಲ್ಲ. ಬರೆದದ್ದು ನಗೆ ಎಂದು ಮೊದಲ ಸಾಲಿನಲ್ಲೇ ಗೊತ್ತಾಗಬೇಕು. ಫೋನಿನಲ್ಲಿ ಅದು ನಿಮ್ಮ ಹೆಸರಿಲ್ಲದೆ, ನಿಮ್ಮ ಮುಖ ಇಲ್ಲದೆ ಎಲ್ಲಿಯವರೆಗೋ ಹೋಗುತ್ತದೆ.

ಸರಿಯಾಗಿ ಬರೆದರೆ ನಗೆ ಜನರನ್ನು ಉಳಿಸಲೂಬಹುದು. ಡಿಜಿಟಲ್ ಅರೆಸ್ಟ್ ಎಂದು ವಿಡಿಯೊ ಕರೆ ಮಾಡಿ ಹೆದರಿಸಿ ದುಡ್ಡು ಕೀಳುವ ಮೋಸ ಇದೆಯಲ್ಲ, ಅದರ ಮೇಲೆ ನಾನು ಬರೆದ ಪುಟ ಹೀಗಿದೆ. ಪೊಲೀಸ್ ವೇಷದವನು ಒಬ್ಬ ಅಕ್ಕನಿಗೆ ಕರೆ ಮಾಡಿ, "ನೀವು ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾದ ಎದುರಿನಿಂದ ಏಳುವ ಹಾಗಿಲ್ಲ" ಎನ್ನುತ್ತಾನೆ. ಅಕ್ಕ ಆಕಾಶ ನೋಡುತ್ತಾರೆ. "ಮಳೆ ಬರ್ತಾ ಉಂಟು. ಅಂಗಳದಲ್ಲಿ ಅಡಿಕೆ ಹರವಿದ್ದೇನೆ. ಒಳಗೆ ಹಾಕಿ ಬರ್ತೇನೆ, ಅಷ್ಟರವರೆಗೆ ನಿಮ್ಮ ಅರೆಸ್ಟ್ ಸ್ವಲ್ಪ ನಿಲ್ಲಿಸಿ." ಅವನು ಗದರಿಸುತ್ತಾನೆ. "ಗದರಿಸಬೇಡಿ, ಬೇಕಾದರೆ ನೀವೂ ಬನ್ನಿ, ಒಂದು ಬುಟ್ಟಿ ಹಿಡಿಯಿರಿ." ಇಡೀ ಪುಟ ಅವನು ಕಾಯುತ್ತಾನೆ, ಅಕ್ಕ ಅಡಿಕೆ ರಾಶಿ ಮಾಡುತ್ತಾರೆ. ಕೊನೆಗೆ ಒಂದೇ ಸಾಲಿನಲ್ಲಿ ನಿಜ ಹೇಳಿದೆ: ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಇಂಥ ಕರೆ ಬಂದರೆ 1930ಕ್ಕೆ ಫೋನ್ ಮಾಡಿ. ಓದಿದ ಮೇಲೆ ಇಬ್ಬರು ಹೆಂಗಸರು ಬಂದು ಆ ನಂಬರ್ ಬರೆದುಕೊಂಡು ಹೋದರು. ನನಗೆ ಆ ದಿನದಷ್ಟು ಸಂತೋಷ ಬೇರೆ ಯಾವ ಪುಟದಿಂದಲೂ ಆಗಿಲ್ಲ.

ಭಾಷೆ

ಕನ್ನಡ ಅಕ್ಷರದಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಲ ಮತ್ತು ಳ ಒಂದೇ ಆಗುತ್ತದೆ, ನಮ್ಮ ಹಳ್ಳಿ ಹೋಗಿ ನಮ್ಮ ಹಲ್ಲಿ ಆಗುತ್ತದೆ. ಓದುವವರು ಅದು ಯಾವುದು ಎಂದು ಯೋಚಿಸುವಷ್ಟರಲ್ಲಿ ನಗುವ ಹೊತ್ತು ದಾಟಿರುತ್ತದೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರದ ಪ್ರಕಾರ ಟೈಪ್ ಮಾಡುವ ಕೀಲಿಮಣೆಯನ್ನು ಎಷ್ಟೋ ವರ್ಷದ ಹಿಂದೆಯೇ ಮಾಡಿಕೊಟ್ಟಿದ್ದಾರೆ, ಈಗ ಎಲ್ಲ ಫೋನಿನಲ್ಲೂ ಕನ್ನಡ ಕೀಬೋರ್ಡ್ ಸಿಗುತ್ತದೆ. ವಾರದೊಳಗೆ ಕೈಗೆ ಅಭ್ಯಾಸ ಆಗುತ್ತದೆ.

ನಮ್ಮಲ್ಲಿ ನಾಲ್ಕೈದು ಭಾಷೆ ಒಂದೇ ಅಂಗಳದಲ್ಲಿ ಓಡಾಡುತ್ತವೆ, ಇದಕ್ಕಿಂತ ದೊಡ್ಡ ಆಸ್ತಿ ನಗೆ ಬರೆಯುವವರಿಗೆ ಬೇಕಾಗಿಲ್ಲ. ಮತದಾರರ ಪಟ್ಟಿ ಎನ್ನುತ್ತೇವೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. "ನಿಮ್ಮ ಹೆಸರು ಪಟ್ಟಿಯಲ್ಲಿ ಉಂಟಾ?" ಎಂದು ಎಲೆಕ್ಷನ್ ಹೊತ್ತಿಗೆ ಕೇಳಿದರೆ ಹೇಗಾಗಬೇಡ? ಬಲೆ ಎಂದರೆ ಕನ್ನಡದಲ್ಲಿ ಮೀನು ಹಿಡಿಯುವ ಬಲೆ, ತುಳುವಿನಲ್ಲಿ "ಬನ್ನಿ" ಎಂದು ಮರ್ಯಾದೆಯಿಂದ ಕರೆಯುವುದು. ಮೋಸದ ಲಿಂಕ್ ಕಳಿಸುವವನ ಬಾಯಲ್ಲಿ ಈ ಒಂದೇ ಶಬ್ದ ಇಡಿ, ಎರಡೂ ಅರ್ಥ ಕೆಲಸ ಮಾಡುತ್ತದೆ. ಕಳಪೆ ಜೋಕಿಗೆ ಮಲಯಾಳದ ಹುಡುಗರು "ಚಳಿ" ಎನ್ನುತ್ತಾರೆ, ಅವರಿಗೆ ಅದು ಕೆಸರು. ನಮಗೆ ಕೇಳುವಾಗ ಮೈ ನಡುಗುವ ಚಳಿ. ಎರಡೂ ಸರಿಯೇ. 2024ರ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಕೂಡ ಸೇರಿದೆ, ಮನೆಯ ಮಾತುಗಳನ್ನು ಅದಕ್ಕೆ ಹಾಕಿ ಏನು ಬರುತ್ತದೆ ನೋಡಿ, ಒಂದೆರಡು ಪುಟಕ್ಕೆ ಸರಕು ಸಿಕ್ಕೇ ಸಿಗುತ್ತದೆ. ಆದರೆ ಎರಡು ಭಾಷೆ ಢಿಕ್ಕಿ ಹೊಡೆದದ್ದು ನಗು, ಆ ಭಾಷೆಯವರು ಮಾತಾಡುವ ರೀತಿಯನ್ನು ಅಣಕಿಸುವುದು ಬೇರೆ. ಅದು ಬೇಡ.

ಶಬ್ದವನ್ನು ತಿದ್ದಲೂ ಹೋಗಬೇಡಿ. ನಾವು ಸಿಗ್ನಲ್ ಇಲ್ಲ ಎನ್ನುವುದಿಲ್ಲ, "ರೇಂಜ್ ಇಲ್ಲ" ಎನ್ನುತ್ತೇವೆ. "ರೇಂಜ್ ಬೇಕಾದರೆ ಗುಡ್ಡೆಗೆ ಹೋಗಬೇಕು" ಎಂದು ಬರೆದರೆ ಗೇರುಮರದ ಅಡಿಯಲ್ಲಿ ಫೋನ್ ಎತ್ತಿ ಹಿಡಿದು ನಿಂತವರು ಕಣ್ಣ ಮುಂದೆ ಬರುತ್ತಾರೆ. "ಸಂಕೇತದ ಕೊರತೆ" ಎಂದು ಬರೆದರೆ ಯಾರೂ ಬರುವುದಿಲ್ಲ.

ಓದುವ ಮೊದಲು

ಒಂದು ಸಲ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಸಾಲನ್ನು ಎರಡು ಮಾಡಿ. ನಗುವ ಮಾತು ಸಾಲಿನ ಕೊನೆಗೆ ಬರಲಿ. "ಗೆದ್ದಲು ಹಿಡಿದಾಗ ಒಂದು ಸಲ ಅಪ್‌ಡೇಟ್ ಬಂದಿತ್ತು" ಎಂದರೆ ಗೆದ್ದಲು ಮೊದಲೇ ಬಂದು ಕೂತಿತು, ಕೊನೆಗೆ ಕಾಯಲು ಏನೂ ಉಳಿಯಲಿಲ್ಲ. ನಗು ಬರುವ ಜಾಗದ ನಂತರ ಅರ್ಥ ಹೇಳಬೇಡಿ, ಸುಮ್ಮನಿರಿ. ಅವರು ನಗುವಷ್ಟು ಹೊತ್ತು ಕೊಡಿ.

ಎಐ ಹತ್ತಿರ ಕೇಳಬಹುದಾ ಎಂದು ಮಕ್ಕಳು ಕೇಳಿದರು. ಕೇಳಿ. ಒಟಿಪಿಯ ಮೇಲೆ ಹತ್ತು ಜೋಕ್ ಬರೆದುಕೊಡು ಎನ್ನಿ. ಬಂದ ಹತ್ತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಗೀಟು ಹಾಕಿ. ಅವು ಎಲ್ಲರಿಗೂ ಹೊಳೆಯುವಂಥವು, ಅವುಗಳಲ್ಲಿ ನಿಮ್ಮ ಅಜ್ಜನ ಕನ್ನಡಕ ಇಲ್ಲ, ಪಂಚಾಂಗ ಇಲ್ಲ. ಹನ್ನೊಂದನೆಯದು ನೀವು ಬರೆಯಬೇಕಾದದ್ದು.

ಪುಟದ ಮೇಲೆ ತಾರೀಕು ಹಾಕಿಡಿ. ಸುದ್ದಿಯ ಮೇಲೆ ಬರೆದದ್ದು ಆರು ತಿಂಗಳಿಗೆ ಹಳತಾಗುತ್ತದೆ, ಆದರೆ ಹತ್ತು ವರ್ಷದ ಮೇಲೆ ತೆಗೆದು ಓದಿದರೆ ಆ ಕಾಲದಲ್ಲಿ ನಮ್ಮೂರು ಯಾವುದಕ್ಕೆ ಹೆದರಿತ್ತು, ಯಾವುದಕ್ಕೆ ನಕ್ಕಿತ್ತು ಎಂದು ಗೊತ್ತಾಗುತ್ತದೆ.

ನನ್ನ ಚೀಟಿಯಲ್ಲಿ ಈಗ ಮೂರು ಸಾಲು ಉಳಿದಿವೆ. ಅಡಿಕೆ ಕೊಯ್ಯುವ ಉದ್ದದ ಕಾರ್ಬನ್ ಫೈಬರ್ ದೋಟಿಯನ್ನು ಕೊಂಡು ಬಸ್ಸಿನಲ್ಲಿ ಮನೆಗೆ ತರಲು ಹೊರಟವರು. ಮದ್ದು ಬಿಡುವ ಡ್ರೋನ್ ನೋಡಿ ಬೊಗಳಿ ಬೊಗಳಿ ಗಂಟಲು ಕಟ್ಟಿಕೊಂಡ ನಾಯಿ. ಮೀಟರ್ ರೀಡಿಂಗಿಗೆ ಬಂದವರ ಯಂತ್ರಕ್ಕೇ ಚಾರ್ಜ್ ಇಲ್ಲದೆ, ಆ ಮನೆಯಲ್ಲಿ ಕರೆಂಟೂ ಇಲ್ಲದ ಮಧ್ಯಾಹ್ನ. ಮೊದಲನೆಯದನ್ನು ಮುಂದಿನ ತಿಂಗಳಿಗೆ ನಾನು ಬರೆಯುತ್ತೇನೆ. ಉಳಿದ ಎರಡು ನಿಮಗೆ.